ಬಟ್ಟಲಲ್ಲಿ ಉಳಿದ ಮದ್ದು

ಬಟ್ಟಲನ್ನು ಗೋಡೆಯ ಗೂಡಿನಲ್ಲಿ ಬೋರಲು ಇಡುವ ಮುಂಚೆ ರೇವಪ್ಪ ರೂಢಿಯಂತೆ ಒಳಗೆ ಬೆರಳಾಡಿಸಿದ. ಬೆರಳಿಗೆ ಮದ್ದು ತಗುಲಿತು. ತಳಕ್ಕೆ ಅಂಟಿಕೊಂಡ ನಾಲ್ಕು ಹರಳಲ್ಲ, ಬೆರಳಿನ ತುದಿ ಮುಳುಗುವಷ್ಟು. ಹಿತ್ತಾಳೆಯ ಪುಟ್ಟ ಅಳತೆಯನ್ನು ತಡಕಾಡಿ ತೆಗೆದು, ಬಟ್ಟಲು ವಾರೆ ಮಾಡಿ ಅದರೊಳಗೆ ಸುರಿದು, ಹೆಬ್ಬೆರಳಿನಿಂದ ಬಾಯಿ ಸವರಿ ನೋಡಿದ. ಸರಿಯಾಗಿ ಒಂದು ಅಳತೆ.

"ಭಾಗೀ, ಇಲ್ಲಿ ಬಾ" ಎಂದು ಕರೆದ.

ಹಿತ್ತಿಲಲ್ಲಿ ಕುಳ್ಳು ತಟ್ಟುತ್ತಿದ್ದ ಭಾಗವ್ವ ಸೆಗಣಿ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ನಿನ್ನೆ ಬಂದೂಕಿನ ಹನ್ನೆರಡೂ ತೋಟಾಗಳಿಗೆ ಮದ್ದು ಹಾಕಿದೆಯಾ ಎಂದು ಗಂಡ ಕೇಳಿದ. ಹಾಕಿದೆನಲ್ಲ ಎಂದಳು. ಸೀಸದ ಗುಂಡಿನ ಒಂಬತ್ತಕ್ಕೆ ಒಂದೊಂದು ಅಳತೆ, ತಾಮ್ರ ಹೊದ್ದ ಗುಂಡಿನ ಮೂರಕ್ಕೆ ಎರಡೆರಡು. ಜೋಳ ಅಳೆಯುವಾಗ ಎಣಿಸುವ ಹಾಗೆ ಮೊದಲನೆಯದಕ್ಕೆ ಲಾಭ ಎಂದು, ಆಮೇಲೆ ಎರಡು, ಮೂರು ಎಂದು ಬಾಯಿಬಿಟ್ಟು ಎಣಿಸಿದ್ದಳು. ಎದುರಿಗೇ ಕೂತಿದ್ದ ಗಂಡನೂ ಕೇಳಿದ್ದ. ಮತ್ತೆ ಇದು ಹೇಗೆ ಉಳಿಯಿತು ಎಂದರೆ ಅವಳಿಗೆ ಗೊತ್ತಿಲ್ಲ. ನೀವೇ ಬಟ್ಟಲಿಗೆ ಒಂದು ಹೆಚ್ಚು ಹಾಕಿರಬೇಕು ಎಂದಳು.

"ಹದಿನೈದು ಹಾಕೀನಿ. ಒಂದು ಉಳಿದೈತಿ ಅಂದ್ರ ಯಾವುದೋ ಒಂದು ತೋಟಾಕ್ಕ ಬಿದ್ದಿಲ್ಲ" ಎಂದ ರೇವಪ್ಪ.

ರೇವಪ್ಪ ಮಾತಿಗೆ ತಪ್ಪಿದ್ದುಂಟು, ಅಳತೆಗೆ ತಪ್ಪಿದ್ದಿಲ್ಲ. ಜತ್ತ ಸಂಸ್ಥಾನ ಇದ್ದಾಗ ಅಲ್ಲಿಯ ಶಿಲೇಖಾನೆಯಲ್ಲಿ, ಅಂದರೆ ಹತ್ಯಾರ ಇಡುವ ಮನೆಯಲ್ಲಿ, ಇಪ್ಪತ್ತೆಂಟು ವರ್ಷ ಬಂದೂಕು ಒರೆಸಿ ತೋಟಾ ತುಂಬಿದವನು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೇಲೆ ಶಿಲೇಖಾನೆಗೆ ಬೀಗ ಬಿತ್ತು. ರೇವಪ್ಪ ಕೈಯಲ್ಲೊಂದು ಪರವಾನಗಿಯ ಕಾಗದ, ಗೋಣಿಚೀಲದಲ್ಲಿ ತನ್ನ ಸಾಮಾನು ಹಿಡಿದುಕೊಂಡು ವಳಸಂಗದ ಮನೆಗೆ ಬಂದು ಕೂತ. ಅದಾಗಿ ಮೂರು ವರ್ಷ. ಸುತ್ತಿನ ಕುರಿಗಾರರಲ್ಲಿ ನಾಲ್ಕೈದು ಮಂದಿಗೆ ತೋಳ ಕಾಯಲೆಂದು ಸಿಪಾಯಿಗಳ ಹಳೆಯ ಬಂದೂಕು ಇಟ್ಟುಕೊಳ್ಳುವ ಅಪ್ಪಣೆ ಸಿಕ್ಕಿತ್ತು. ಕೆಳಗಿನ ಹಿಡಿಕೆ ಎಳೆದರೆ ಬಾಯಿ ತೆರೆದು ಒಂದೊಂದೇ ತೋಟಾ ನುಂಗುವ ಮಾರ್ಟಿನಿ ಬಂದೂಕುಗಳವು, ಹಾರಿಸುವವರಿಗಿಂತ ವಯಸ್ಸಾದವು. ಬಂದೂಕೇನೋ ಸಿಕ್ಕಿತು, ಹೊಸ ತೋಟಾ ಎಲ್ಲಿಂದ ತರಬೇಕು? ಹಾರಿಸಿ ಖಾಲಿಯಾದ ಹಿತ್ತಾಳೆ ಕೊಳವೆಗಳನ್ನು ತಂದು ರೇವಪ್ಪನ ಮುಂದಿಟ್ಟರೆ ಅವನು ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ಹಾಕಿ, ಮೇಲೆ ಗುಂಡು ಒತ್ತಿ ಕೊಡುತ್ತಿದ್ದ.

ಸೀಸಕ್ಕೆ ಅವನಿಗೆ ಬರವಿರಲಿಲ್ಲ. ಜತ್ತದ ಹೊರಗೆ ಸಿಪಾಯಿಗಳು ಗುರಿ ಹೊಡೆಯುತ್ತಿದ್ದ ಚಾಂದಮಾರಿಯ ದಿನ್ನೆಯನ್ನು ಅಗೆದರೆ ಮೂವತ್ತು ವರ್ಷದ ಗುಂಡುಗಳು ಹುಗಿದಿಟ್ಟ ಗೆಣಸಿನಂತೆ ಸಿಗುತ್ತಿದ್ದವು. ಕರಗಿಸಿ ಅಚ್ಚಿಗೆ ಹೊಯ್ದರೆ ಆಯಿತು. ಹೊಯ್ದ ಗುಂಡಿಗೆ ಜಿಡ್ಡು ಸವರದಿದ್ದರೆ ಸೀಸ ಬಂದೂಕಿನ ನಳಿಗೆಗೆ ಅಂಟುತ್ತದೆ. ಶಿಲೇಖಾನೆಯಲ್ಲಿ ಎಲ್ಲರೂ ಕುರಿಯ ಕೊಬ್ಬು ಸವರುತ್ತಿದ್ದರು. ಕೊರಳಲ್ಲಿ ಲಿಂಗವಿದ್ದ ರೇವಪ್ಪ ಅದನ್ನು ಮುಟ್ಟಲೊಲ್ಲದೆ ಜೇನುಮೇಣಕ್ಕೆ ಕುಸುಬಿ ಎಣ್ಣೆ ಬೆರೆಸಿ ಹಚ್ಚುತ್ತಿದ್ದ. ರೇವಪ್ಪನ ಗುಂಡು ಬಡಿದರೆ ತೋಳ ಸತ್ತು ಕೈಲಾಸಕ್ಕೇ ಹೋಗುತ್ತದೆ ಎಂದು ಜೊತೆಗಾರರು ನಗುತ್ತಿದ್ದರು. ತಾಮ್ರ ಹೊದ್ದ ಗುಂಡುಗಳು ಮಾತ್ರ ಮನೆಯಲ್ಲಿ ಆಗುವಂಥವಲ್ಲ. ಬೀಗ ಬೀಳುವ ದಿನ ಹಿರಿಯ ಕಾರಕೂನರು ಬಹುಮಾನವೆಂದು ಕೊಟ್ಟ ಒಂದು ಡಬ್ಬಿಯಿತ್ತು. ಅವು ದೂರ ಹೋಗುತ್ತವೆ, ನೆಟ್ಟಗೆ ಹೋಗುತ್ತವೆ, ಮದ್ದೂ ಎರಡರಷ್ಟು ಬೇಡುತ್ತವೆ. ಅವನ್ನು ಅವನು ಎಣಿಸಿ ಎಣಿಸಿ ಕೊಡುತ್ತಿದ್ದ.

ಇನ್ನು ಬಟ್ಟಲಿನ ಮಾತು. ಡಬ್ಬಿಯಿಂದ ನೇರವಾಗಿ ತೋಟಾಕ್ಕೆ ಮದ್ದು ಹಾಕಬಾರದು ಎಂದು ಶಿಲೇಖಾನೆಯ ಉಸ್ತಾದರು ಕಲಿಸಿದ್ದರು. ಎಷ್ಟು ಅಳತೆ ಬೇಕೋ ಅಷ್ಟನ್ನೇ ಮೊದಲು ಎಣಿಸಿ ಬಟ್ಟಲಿಗೆ ಹಾಕಿಕೊಳ್ಳಬೇಕು. ಆಮೇಲೆ ಬಟ್ಟಲಿನಿಂದ ತೋಟಾಗಳಿಗೆ. ಕೊನೆಗೆ ಬಟ್ಟಲು ಬರಿದಾಗಬೇಕು. ನಡುವೆಯೇ ಮುಗಿದರೆ ಯಾವುದೋ ತೋಟಾಕ್ಕೆ ಎರಡು ಸಲ ಬಿದ್ದಿದೆ. ಉಳಿದರೆ ಯಾವುದೋ ಒಂದಕ್ಕೆ ಬಿದ್ದಿಲ್ಲ. ಬರಿದಾದ ಬಟ್ಟಲನ್ನು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಆದ ಮೇಲೆಯೇ ತೋಟಾ ಹೊರಗೆ ಹೋಗಬೇಕು. ಇಪ್ಪತ್ತೆಂಟು ವರ್ಷದಲ್ಲಿ ರೇವಪ್ಪ ಒಮ್ಮೆಯೂ ಈ ಪಾಠ ಮರೆತಿರಲಿಲ್ಲ. ನಿನ್ನೆ ಮರೆತ.

ಮರೆಯಲು ಕಾರಣವಿತ್ತು. ಎರಡು ವರ್ಷದಿಂದ ಅವನ ಕಣ್ಣಿಗೆ ಪೊರೆ ಬರುತ್ತಿತ್ತು. ಯುಗಾದಿಯ ಹೊತ್ತಿಗೆ ಎದುರಿಗೆ ಕೂತವರ ಮುಖ ಹೊಗೆಯಾಗಿ, ತೋಟಾದ ಕಿರಿದಾದ ಬಾಯಿ ಎಲ್ಲಿದೆಯೆಂಬುದೇ ಕಾಣದಂತಾಯಿತು. ಗುಂಡು ಒತ್ತುವುದು, ಕೇಪು ಕೂರಿಸುವುದು ಕೈಗೆ ಬರುತ್ತಿತ್ತು. ಮದ್ದು ಸುರಿಯುವುದು ಮಾತ್ರ ಆಗದು, ಅರ್ಧ ನೆಲದ ಪಾಲಾಗುತ್ತಿತ್ತು. ಇದನ್ನು ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಕುರುಡ ತುಂಬಿದ ತೋಟಾ ಯಾರು ತಾನೇ ಬಂದೂಕಿಗೆ ಹಾಕುತ್ತಾರೆ? ಈ ಸಲ ಬೆಳುಂಕಿಯ ಕುರಿಗಾರ ಶಿದ್ರಾಯ ಹನ್ನೆರಡು ಕೊಳವೆ ತಂದು, ಎರಡು ತೋಳ ಸೇರಿ ಹಟ್ಟಿಯನ್ನೇ ಖಾಲಿ ಮಾಡುತ್ತಿವೆ, ಲಗೂನ ಬೇಕು ಎಂದಾಗ ರೇವಪ್ಪ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಮದ್ದು ಹಾಕಿಸಿದ. ಅವಳಿಗದು ಮೊದಲ ಸಲ. ಗುಂಡು ಒತ್ತಿ ಮುಗಿಸುವುದಕ್ಕೂ ಶಿದ್ರಾಯ ಬಾಗಿಲಲ್ಲಿ ಕೆಮ್ಮುವುದಕ್ಕೂ ಸರಿಹೋಯಿತು. ಗುಟ್ಟು ಎಲ್ಲಿ ಬಯಲಾಗುವುದೋ ಎಂದು ರೇವಪ್ಪ ಬಟ್ಟಲ ಮೇಲೆ ಬಟ್ಟೆ ಎಸೆದು, ತೋಟಾ ಕಟ್ಟಿಕೊಟ್ಟು ಕಳಿಸಿದ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಳ್ಳಲ್ಲ.

ಮದ್ದಿಲ್ಲದ ತೋಟಾ ಹಾರುವುದಿಲ್ಲ, ಅಷ್ಟೇ ತಾನೇ ಎಂದು ತಿಳಿಯದವರು ಹೇಳಬಹುದು. ಅಷ್ಟೇ ಆಗಿದ್ದರೆ ರೇವಪ್ಪ ನಕ್ಕು ಸುಮ್ಮನಾಗುತ್ತಿದ್ದ. ಕೇಪಿನ ಕಿಡಿಗೇ ಗುಂಡು ಒಂದಿಷ್ಟು ಮುಂದೆ ಸರಿದು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ತುಸ್ಸೆಂದು ಸಣ್ಣ ಸಪ್ಪಳ. ಎದುರಿಗೆ ತೋಳ ನಿಂತಿರುವವನು ನಳಿಗೆಯಲ್ಲಿ ಇಣುಕಿ ನೋಡುವುದುಂಟೇ? ಬಾಯಿ ತೆರೆದು ಇನ್ನೊಂದು ತೋಟಾ ಹಾಕಿ ಹಾರಿಸುತ್ತಾನೆ. ಹಿಂದಿನ ಗುಂಡು ಮುಂದಿನದಕ್ಕೆ ದಾರಿ ಬಿಡದೆ ನಳಿಗೆ ಹಾರಿಸುವವನ ಮುಖದ ಹತ್ತಿರವೇ ಒಡೆಯುತ್ತದೆ. ಜತ್ತದಲ್ಲಿ ಗುರುಲಿಂಗಪ್ಪನೆಂಬ ಬೇಟೆಗಾರನಿಗೆ ಹೀಗೆಯೇ ಆಗಿತ್ತು. ತಾನೇ ತುಂಬಿಕೊಂಡ ತೋಟಾ, ತಾನೇ ಮಾಡಿಕೊಂಡ ತಪ್ಪು. ಬಲಗಣ್ಣು ಹೋಯಿತು, ಎಡಗೈಯ ಮೂರು ಬೆರಳು ಹೋದವು. ಆ ಬೆರಳುಗಳನ್ನು ಹುಲ್ಲಿನಲ್ಲಿ ಹುಡುಕಿದವರಲ್ಲಿ ರೇವಪ್ಪನೂ ಒಬ್ಬ.

ಶಿದ್ರಾಯ ಮತ್ತು ಅವನ ಬಳಗದವರು ಇವತ್ತು ಮಧ್ಯಾಹ್ನ ಹಳ್ಳದ ಪೊದೆಗಳಲ್ಲಿ ತೋಳ ಎಬ್ಬಿಸುವವರಿದ್ದರು. ಬಿಸಿಲು ಆಗಲೇ ಅಂಗಳದ ನಡುವಿಗೆ ಬಂದಿತ್ತು. ರೇವಪ್ಪ ಉಳಿದ ಮದ್ದನ್ನು ಮತ್ತೆ ಬಟ್ಟಲಿಗೇ ಸುರಿದು, ಬಟ್ಟಲಿನ ಬಾಯಿಗೆ ಬಟ್ಟೆ ಕಟ್ಟಿ, ಅಳತೆ, ಇಕ್ಕಳ, ಗುಂಡು ಒತ್ತುವ ಅಚ್ಚು ಎಲ್ಲ ಚೀಲಕ್ಕೆ ತುಂಬಿ, ಪಕ್ಕದ ಮನೆಯ ಶಿವಯೋಗೆಪ್ಪನಿಗೆ ಸವಾರಿ ಬಂಡಿ ಕಟ್ಟಲು ಹೇಳಿದ. ಬೆಳುಂಕಿಗೆ ಈ ಬಿಸಿಲಿನಲ್ಲಿ ಯಾಕೆ ಎಂದು ಶಿವಯೋಗೆಪ್ಪ ಕೇಳಿದ್ದಕ್ಕೆ ಒಂದು ಜೀವದ ಮಾತು ಎಂದಷ್ಟೇ ಅಂದ. ಶಿವಯೋಗೆಪ್ಪ ಎತ್ತು ಹೂಡಿದ. ಭಾಗವ್ವ ಕೈ ತೊಳೆದು ಬಂದು ಹೇಳದೆಯೇ ಬಂಡಿ ಹತ್ತಿದಳು. ಅವಳಿಲ್ಲದೆ ಅವನಿಗೆ ಅಲ್ಲಿ ಏನು ತಾನೇ ಕಾಣುತ್ತಿತ್ತು?

ದಾರಿಯುದ್ದಕ್ಕೂ ಕಲ್ಲು, ಕುಸುಬಿ ಕೊಯ್ದ ಹೊಲ, ಅಲ್ಲೊಂದು ಇಲ್ಲೊಂದು ಜಾಲಿ. ರೇವಪ್ಪ ಒಮ್ಮೆ ಎತ್ತುಗಳನ್ನು, ಒಮ್ಮೆ ಹೆಂಡತಿಯನ್ನು ಬೈದ. ಹದಿನೈದರವರೆಗೆ ಎಣಿಸಲು ಬಾರದವಳ ಕೈಗೆ ಮದ್ದು ಕೊಟ್ಟ ತನ್ನದೇ ತಪ್ಪು ಎಂದ. ಭಾಗವ್ವ ಸೆರಗು ಬಾಯಿಗೆ ಹಿಡಿದು ಕೂತಿದ್ದಳು. ನಲವತ್ತು ವರ್ಷ ರಾಶಿಯ ಕಣದಲ್ಲಿ ಜೋಳ ಅಳೆದವಳು, ಎಣಿಕೆ ತಪ್ಪಿದೆ ಎಂದು ಯಾರ ಬಾಯಿಂದಲೂ ಅನ್ನಿಸಿಕೊಂಡವಳಲ್ಲ. ಮನಸ್ಸಿನಲ್ಲೇ ಮತ್ತೆ ಮತ್ತೆ ಎಣಿಸಿ ನೋಡಿದಳು. ಲಾಭ, ಎರಡು, ಮೂರು. ಪ್ರತಿ ಸಲವೂ ಹದಿನೈದಕ್ಕೇ ಬಂದು ನಿಲ್ಲುತ್ತಿತ್ತು. ಆದರೂ ಬಟ್ಟಲಲ್ಲಿ ಮದ್ದು ಇತ್ತಲ್ಲ. ತನ್ನ ಕೈಯಿಂದ ಮಂದಿಯ ಮಗನ ಕಣ್ಣು ಹೋದರೆ ಹೇಗೆ ಬದುಕಲಿ ಎಂದುಕೊಂಡಳು.

ಅರ್ಧ ದಾರಿ ಆದ ಮೇಲೆ ಮೆಲ್ಲಗೆ ಕೇಳಿದಳು: "ತೋಟಾ ನಾ ತುಂಬೀನಿ ಅಂತ ಅವಗ ಹೇಳೀರೇನು?"

"ಇಲ್ಲ."

"ನಿಮ್ಮ ಕಣ್ಣಿನ ಮಾತು?"

ರೇವಪ್ಪ ಅಲ್ಲಿಂದ ಬೈಯುವುದನ್ನು ಬಿಟ್ಟ.

ಬೆಳುಂಕಿಯ ಕಲ್ಲುಮಡ್ಡಿಯ ದಿಬ್ಬ ಕಾಣುವ ಹೊತ್ತಿಗೆ ದೂರದಲ್ಲಿ ಢಮ್ಮೆಂದು ಒಂದು ಸಪ್ಪಳ ಕೇಳಿತು. ರೇವಪ್ಪ ಬಂಡಿ ನಿಲ್ಲಿಸಲು ಹೇಳಿ, ತಲೆ ಓರೆ ಮಾಡಿ ಕಿವಿಗೊಟ್ಟ. ಇನ್ನೊಂದು ಸಪ್ಪಳ ಆದರೆ ಬಂದೂಕು ನೆಟ್ಟಗಿದೆ ಎಂದು ಅರ್ಥ. ಇನ್ನೊಂದು ಆಗಲಿಲ್ಲ. ಎತ್ತುಗಳ ಕೊರಳ ಗಂಟೆ, ಗಾಳಿ, ಅಷ್ಟೇ. ಆದದ್ದು ಹಾರಿದ ಸಪ್ಪಳವೋ ಒಡೆದ ಸಪ್ಪಳವೋ? ಇಷ್ಟು ದೂರದಿಂದ ತಿಳಿಯುವಂತಿರಲಿಲ್ಲ. ಹೊಡಿ ಎಂದು ಶಿವಯೋಗೆಪ್ಪನ ಬೆನ್ನು ತಟ್ಟಿದ.

ಹಟ್ಟಿಯ ಮುಂದೆ ಬಂಡಿ ನಿಂತಾಗ ರೇವಪ್ಪನಿಗೆ ಕಂಡದ್ದು ಇಷ್ಟು: ಬಂಡೆಯ ಮೇಲೆ ಕೂತ ಒಂದು ಮನುಷ್ಯನ ಆಕಾರ, ತೊಡೆಯ ಮೇಲೆ ಅಡ್ಡಲಾಗಿ ಬಂದೂಕಿನಂಥದ್ದು, ಮುಖದ ಮೇಲೆ ಕೆಂಪಗೆ ಏನೋ. ಅವನು ಹೆಂಡತಿಯ ರಟ್ಟೆ ಗಟ್ಟಿಯಾಗಿ ಹಿಡಿದ.

"ಮಾರಿ ನೋಡು. ಶಿದ್ರಾಯನ ಮಾರಿ ಹೆಂಗೈತಿ?"

ಭಾಗವ್ವ ನೋಡಿದಳು. "ಚಲೋ ಐತಿ. ಕೆಂಪು ರುಮಾಲು ಬಿಚ್ಚಿ ಬೆವರು ಒರಸ್ಕೊಳ್ಳಾಕತ್ತಾನ. ಬಾಯಾಗ ರೊಟ್ಟಿ ಐತಿ" ಎಂದಳು.

ಹೋದ ಜೀವ ಬಂದಂತಾಯಿತು. ರೇವಪ್ಪ ಬಂಡಿಯಿಂದ ಇಳಿದವನು ಗಾಲಿಗೇ ಒರಗಿ ನಿಂತ. ಶಿದ್ರಾಯ ರೊಟ್ಟಿ ಕೆಳಗಿಟ್ಟು ಎದ್ದು ಬಂದು, ಇದೇನು ಕಾಕಾ ಕಾಕಿ ಇಬ್ಬರೂ ಈ ಬಿಸಿಲಿನಲ್ಲಿ ಎಂದು ಬೆರಗಾಗಿ ಬೇವಿನ ನೆರಳಿನಲ್ಲಿ ಕಂಬಳಿ ಹಾಸಿದ. ಅವನ ತಾಯಿ ಬೀರವ್ವ ನೀರು ತಂದಳು. ತೋಳ ಎಬ್ಬಿಸಲು ಹೋಗುವವರು ಇನ್ನೂ ಸೇರಬೇಕಾಗಿತ್ತು. ಅಷ್ಟರೊಳಗೆ ಬಂದೂಕಿನ ಗುರಿ ನೋಡೋಣವೆಂದು ಒಂದು ಕಲ್ಲಿಗೆ ಹೊಡೆದಿದ್ದ, ಅದೇ ಇವರು ಕೇಳಿದ ಸಪ್ಪಳ.

"ಕಾಕಾ, ಈ ಸಲದ ತೋಟಾ ಏನೋ ಮುನಿಸ್ಕೊಂಡಾವ ನೋಡ್ರಿ. ನಿನ್ನಿ ಸಂಜಿಕ ಮೂರು ಹಾರಿಸ್ನಿ, ಈಗೊಂದು. ನಾಕೂ ಗೇಣು ಕೆಳಗ. ತ್ವಾಳದ ಕಾಲಾಗಿನ ಮಣ್ಣು ಹಾರತೈತಿ, ತ್ವಾಳಕ ಏನೂ ಆಗವಲ್ಲದು" ಎಂದ ಶಿದ್ರಾಯ.

ನಾಲ್ಕೂ ಸರಿಯಾಗಿ ಸಪ್ಪಳ ಮಾಡಿದವೇ ಎಂದು ರೇವಪ್ಪ ಎರಡೆರಡು ಸಲ ಕೇಳಿದ. ಮಾಡಿದವು, ಸಪ್ಪಳಕ್ಕೇನು ಕಡಿಮೆಯಿಲ್ಲ ಎಂದು ಶಿದ್ರಾಯ ನಕ್ಕ. ನಾಲ್ಕೂ ಸೀಸದವೇ ಎಂದು ಕೇಳಿದ. ಹೌದು, ತಾಮ್ರದವನ್ನು ಇವತ್ತಿಗೆಂದೇ ಇಟ್ಟಿದ್ದಾನೆ. ಹಾಗಾದರೆ ಸೀಸದ ಐದು, ತಾಮ್ರದ ಮೂರು ಉಳಿದಿವೆ. ಕೆಟ್ಟದ್ದು ಈ ಎಂಟರಲ್ಲೇ ಇದೆ. ರೇವಪ್ಪ ಎಂಟನ್ನೂ ತನ್ನ ಮುಂದೆ ತರಿಸಿಕೊಂಡು, ಪಂಚೆಯ ಮೇಲೆ ಹರವಿಕೊಂಡ. ಆಮೇಲೆ ಹೇಳಿದ.

"ಶಿದ್ರಾಯಾ, ನಿನ್ನ ಮುಂದ ಒಂದು ಮಾತು ಮುಚ್ಚಿಟ್ಟೀನಿ. ನನ್ನ ಕಣ್ಣಿಗಿ ಪೊರಿ ಬಂದೈತಿ. ಈ ಸಲ ಮದ್ದು ನಾ ಹಾಕಿಲ್ಲ, ಇಕಿ ಹಾಕ್ಯಾಳ. ಬಟ್ಟಲದಾಗ ಒಂದು ಅಳತಿ ಉಳಿದೈತಿ. ಇದರಾಗ ಯಾವುದೋ ಒಂದು ನಿನ್ನ ಜೀವಾ ತಗೊಳ್ಳೂದೈತಿ."

ಶಿದ್ರಾಯನ ನಗೆ ಹೋಯಿತು. ಬಂದೂಕಿನ ಕಡೆ ನೋಡಿದ, ಭಾಗವ್ವನ ಕಡೆ ನೋಡಿದ. ಅವನು ಏನಾದರೂ ಅಂದಿದ್ದರೆ ಚೆನ್ನಾಗಿತ್ತು ಎಂದು ಭಾಗವ್ವನಿಗೆ ಅನಿಸಿತು. ಅವಳು ಕಂಬಳಿಯ ಅಂಚಿಗೆ ಸರಿದು, ಬೆನ್ನು ತಿರುಗಿಸಿ ಕೂತಳು.

ರೇವಪ್ಪ ಸೀಸದ ತೋಟಾವೊಂದನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದ. ಒಂದೇ ಅಳತೆ ಮದ್ದು ಕೊಳವೆಯ ಅರ್ಧದಷ್ಟಿರುತ್ತದೆ, ಅಲುಗಿಸಿದರೆ ಒಳಗೆ ಸರಸರ ಎನ್ನಬೇಕು. ಅಂದಿತು. ಎರಡನೆಯದೂ ಅಂದಿತು. ಐದೂ ಅಂದವು. ಅಂದರೆ ತಪ್ಪು ತಾಮ್ರದ್ದರಲ್ಲಿದೆ. ಮೂರರಲ್ಲಿ ಒಂದಕ್ಕೆ ಎರಡು ಅಳತೆಯ ಬದಲು ಒಂದೇ ಬಿದ್ದಿದೆ. ಅರೆಹೊಟ್ಟೆಯ ಮದ್ದಿಗೆ ತಾಮ್ರದ ಗುಂಡು ನಳಿಗೆ ದಾಟದು. ಎರಡು ಅಳತೆ ಇರುವುದು ಗಿಡಿದು ತುಂಬಿ ಸಪ್ಪಳ ಮಾಡುವುದಿಲ್ಲ, ಅರೆಹೊಟ್ಟೆಯದು ಮಾಡುತ್ತದೆ. ಮೊದಲನೆಯದನ್ನು ಅಲುಗಿಸಿದ. ಒಳಗೆ ಸಣ್ಣಗೆ ಸರ್ ಎಂದಿತು. ಇದೇ ಎಂದು ಬದಿಗಿಟ್ಟ. ಮನಸ್ಸಿನ ಸಮಾಧಾನಕ್ಕೆ ಎರಡನೆಯದನ್ನೂ ಅಲುಗಿಸಿದ. ಅದೂ ಸರ್ ಎಂದಿತು. ಮೂರನೆಯದೂ.

ರೇವಪ್ಪನಿಗೆ ತಲೆ ಕೆಟ್ಟಂತಾಯಿತು. ಉಳಿದದ್ದು ಒಂದು ಅಳತೆ, ಕೊರತೆ ಮೂರರಲ್ಲಿ. ಇದ್ಯಾವ ಲೆಕ್ಕ? ಗುಂಡಿಗೆ ಬಟ್ಟೆ ಸುತ್ತಿ ಇಕ್ಕಳದಿಂದ ಹಿಡಿದು ಮೂರನ್ನೂ ಬಿಚ್ಚಿದ. ಒಂದೊಂದರ ಮದ್ದನ್ನೂ ಬೇರೆ ಬೇರೆ ಅಳೆದ. ಮೊದಲ ತೋಟಾದಲ್ಲಿ ಒಂದು ಅಳತೆ ತುಂಬಿತು, ಎರಡನೆಯ ಅಳತೆ ಬಾಯಿಗೆ ಸ್ವಲ್ಪ ಕಡಿಮೆ ಆಯಿತು. ಎರಡನೆಯ ತೋಟಾದಲ್ಲೂ ಅಷ್ಟೇ. ಮೂರನೆಯದರಲ್ಲೂ ಅಷ್ಟೇ. ಅವನು ಹೆಬ್ಬೆರಳಿನಿಂದ ಮತ್ತೆ ಮತ್ತೆ ಸವರಿ ನೋಡಿದ. ಅರೆಹೊಟ್ಟೆಯದು ಯಾವುದೂ ಇಲ್ಲ. ಕೊಲ್ಲುವಂಥದ್ದು ಯಾವುದೂ ಇಲ್ಲ.

"ಎಂಟರಾಗೂ ಮದ್ದು ಐತಿ. ನಿನಗ ಏನೂ ಆಗ್ತಿದ್ದಿಲ್ಲ" ಎಂದ. ಶಿದ್ರಾಯ ತಣ್ಣಗಾಗಿದ್ದ ರೊಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡ.

ಜೀವ ಉಳಿಯಿತು ಸರಿ, ಆದರೆ ಕಸುಬುದಾರನಿಗೆ ಅಷ್ಟಕ್ಕೇ ನಿದ್ದೆ ಬರುವುದಿಲ್ಲ. ಮರೆವಿನಿಂದ ಆದ ಕೊರತೆ ಒಂದರಲ್ಲಿ ಇರಬೇಕು. ಇದು ಎಲ್ಲದರಲ್ಲೂ ಒಂದೇ ಸಮ ಇದೆ, ಯಾರೋ ನೇಮ ಹಿಡಿದು ತೆಗೆದ ಹಾಗೆ. ಗುಂಡುಗಳು ಗೇಣು ಕೆಳಗೆ ಬಿದ್ದದ್ದಕ್ಕೆ ಕಾರಣವಂತೂ ಸಿಕ್ಕಿತು. ಸೀಸದವಕ್ಕೂ ಇಷ್ಟಿಷ್ಟೇ ಕಡಿಮೆ ಬಿದ್ದಿದೆ. ಆದರೆ ಯಾಕೆ? ಅಳತೆಯಲ್ಲಿ ದೋಷವಿದ್ದರೆ ಬಟ್ಟಲಿಗೆ ಹಾಕುವಾಗಲೂ ಇರಬೇಕಿತ್ತು. ಅದೇ ಅಳತೆ, ಅದೇ ಮದ್ದು. ಬೇರೆಯದು ಕೈ ಒಂದೇ.

ಅಷ್ಟು ಹೊತ್ತೂ ಬೀರವ್ವ, ಮುಖ ತಿರುಗಿಸಿ ಕೂತ ಹೆಣ್ಣುಮಗಳನ್ನು ನೋಡಿ ಮನಸ್ಸು ತಡೆಯದೆ ಗುಡಾರದ ಬಾಯಿಯಲ್ಲಿ ಏನೋ ತೆಗೆಯುತ್ತಿದ್ದಳು. ಬಂದವರು ಲಿಂಗವಂತರು, ಕುರುಬರ ಮನೆಯ ಅಡುಗೆ ಉಣ್ಣುವವರಲ್ಲ. ಬಿಸಿಲಲ್ಲಿ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವುದೂ ಸರಿಯಲ್ಲ. ಅದಕ್ಕೆ ಗಡಿಗೆಯಲ್ಲಿದ್ದ ಮಡಕಿ ಕಾಳನ್ನು ಉಡಿಗೆ ಹಾಕಲು ಅಳೆಯತೊಡಗಿದಳು. ಲಾಭ ಎಂದು ಒಂದು ಸೇರು ಅಳೆದಳು. ರೇವಪ್ಪನ ಕಣ್ಣು ಮಂಜಾದಷ್ಟೂ ಕಿವಿ ಚುರುಕಾಗಿತ್ತು. ಸೇರಿನಲ್ಲಿ ಕಾಳು ತುಂಬಿದ ಸಪ್ಪಳ ಕೇಳಿತು. ಅದಾದ ಮೇಲೆ, ಭಾಗವ್ವನ ಉಡಿಗೆ ಬೀಳುವ ಮುಂಚೆ, ಗಡಿಗೆಯ ತಳದಲ್ಲಿ ನಾಲ್ಕು ಕಾಳು ಚಿಟಿಚಿಟಿ ಎಂದವು. ಎರಡು ಎಂದು ಮತ್ತೊಂದು ಸೇರು. ಮತ್ತೆ ಗಡಿಗೆಯಲ್ಲಿ ಚಿಟಿಚಿಟಿ.

"ಬೀರವ್ವಾ, ಅಳದ ಮ್ಯಾಲ ಈಗ ಏನ ಮಾಡಿದೆವ್ವಾ?" ಎಂದು ರೇವಪ್ಪ ಕೇಳಿದ.

ಬೀರವ್ವನಿಗೆ ಅರ್ಥವಾಗಲಿಲ್ಲ. "ಏನ ಮಾಡ್ನಿರಿ? ನಾಕ ಕಾಳ ತಿರುಗಿ ಗಡಿಗ್ಯಾಗ ಹಾಕ್ನಿ. ಎಲ್ಲಾ ಮಂದಿ ಉಡಿಗಿ ಹಾಕಿದ್ರ ಮನ್ಯಾಗಿನ ಲಕ್ಷ್ಮಿ ಎದ್ದು ಹೋಗಾಂಗಿಲ್ಲೇನ್ರಿ?"

ಭಾಗವ್ವ ತನ್ನ ಬಲಗೈಯನ್ನು ಎತ್ತಿ, ಹೆಬ್ಬೆರಳು ತೋರುಬೆರಳುಗಳನ್ನು ಬೇರೆ ಯಾರದೋ ಎಂಬಂತೆ ನೋಡಿದಳು. ಆ ಬೆರಳುಗಳ ಸಂದಿನಲ್ಲಿ ಮದ್ದಿನ ಕಪ್ಪು ಇನ್ನೂ ಇತ್ತು.

"ಭಾಗೀ, ನಿನ್ನಿ ನೀನೂ ಹಿಂಗ ಮಾಡಿದೇನು?"

"ಮಾಡಿರಬೇಕ್ರಿ" ಎಂದಳು ಭಾಗವ್ವ. "ನನಗ ಖಬರಿಲ್ಲ. ಮನಿಯಿಂದ ಹೊರಗ ಹೋಗೂ ಪದಾರ್ಥ ಅಲ್ಲೇನ್ರಿ ಅದು? ಕೈ ಮಾಡೇತಿ, ನನ್ನ ಕೇಳಿಲ್ಲ."

ಹದಿನೈದು ಸಲ ಅಳೆದಿದ್ದಾಳೆ, ಹದಿನೈದು ಸಲವೂ ಚಿಟಕಿ ಮದ್ದು ಬಟ್ಟಲಿಗೆ ಮರಳಿ ಹಾಕಿದ್ದಾಳೆ. ಹದಿನೈದು ಚಿಟಕಿ ಸೇರಿ ಒಂದು ಅಳತೆ ಆಗಿದೆ. ರೇವಪ್ಪನಿಗೆ ನಗೆ ಹೊಟ್ಟೆಯಿಂದ ಬಂತು. ಮೊದಲು ಮೆಲ್ಲಗೆ, ಆಮೇಲೆ ತಡೆಯಲಾರದೆ, ಪಂಚೆಯ ಮೇಲಿದ್ದ ತೋಟಾಗಳು ಉರುಳುವಷ್ಟು ನಕ್ಕ. ಕಣ್ಣಲ್ಲಿ ನೀರು ಬಂತು. ಮೂರು ತಾಸಿನಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಉರುಳಿ ಹೋಗಿತ್ತು. ಆ ಕಲ್ಲಿನಷ್ಟೇ ಭಾರದ ಇನ್ನೊಂದು, ಎರಡು ವರ್ಷ ಮುಚ್ಚಿಟ್ಟ ಮಾತು, ಅದೂ ಇಲ್ಲದಿರುವುದು ಅವನಿಗೆ ಆಗ ಗಮನಕ್ಕೆ ಬಂತು. ದಾರಿಯಲ್ಲಿ ಹೆಂಡತಿಗೆ ಆಡಿದ ಮಾತುಗಳು ನೆನಪಾಗಿ ನಾಚಿಕೆಯೂ ಆಯಿತು. ಎಣಿಕೆ ತಪ್ಪಿರಲಿಲ್ಲ, ನಿನ್ನ ಹದಿನೈದು ಹದಿನೈದೇ ಇತ್ತು ಎಂದು ಎಲ್ಲರೆದುರಿಗೆ ಹೇಳಿದ. ಭಾಗವ್ವ ಆಗ ಅತ್ತಳು. ಅಲ್ಲಿಯವರೆಗೆ ಅತ್ತಿರಲಿಲ್ಲ.

ಶಿದ್ರಾಯ, ಹಾಗಾದರೆ ನಿನ್ನೆ ತೋಳ ಉಳಿದದ್ದು ಕಾಕಿಯ ಪುಣ್ಯ ಎಂದು ಚಾಷ್ಟಿ ಮಾಡಿದ. ತನ್ನ ತಾಯಿಯೂ ಹೀಗೇ, ಮಜ್ಜಿಗೆ ಕೇಳಲು ಬಂದವರಿಗೂ ಒಂದು ಹನಿ ಹಿಂದಕ್ಕೆ ಸುರಿದುಕೊಂಡೇ ಕೊಡುತ್ತಾಳೆ ಎಂದ. ಬೀರವ್ವ ಅವನಿಗೆ ಒಂದು ಸಣ್ಣ ಕಲ್ಲು ಎಸೆದಳು. ಹಳ್ಳದ ಕಡೆಯಿಂದ ಮಂದಿ ಬರುತ್ತಿರುವುದು ಕಾಣಿಸಿತು. ಬಿಚ್ಚಿದ ಮೂರು ತೋಟಾಗಳನ್ನು ಬೇಗ ತುಂಬಬೇಕಾಗಿತ್ತು.

ರೇವಪ್ಪ ಬಟ್ಟಲಿನಲ್ಲಿ ಉಳಿದಿದ್ದ ಮದ್ದಿನ ಮೇಲೇ ಮೂರರ ಮದ್ದನ್ನೂ ಸುರಿದು, ಅಳತೆಯನ್ನು ಕೈಯಲ್ಲಿ ಹಿಡಿದ. ತಾನು ಹಾಕಲಾರ. ಹಾಕು ಎಂದು ಹೆಂಡತಿಗೆ ಹೇಳುವುದು ಅವನ ಕೈಯಲ್ಲಿರಲಿಲ್ಲ, ಬಂದೂಕು ಮುಖಕ್ಕೆ ಹಿಡಿಯುವವನು ಬೇರೆ. ಶಿದ್ರಾಯನಿಗೆ ಅದು ತಿಳಿಯಿತು. ಅವನು ತಾಯಿಯ ಕಡೆಯೂ ನೋಡಲಿಲ್ಲ, ರೇವಪ್ಪನ ಕಡೆಯೂ ನೋಡಲಿಲ್ಲ. ಖಾಲಿ ಕೊಳವೆ ಮೂರನ್ನೂ ಎತ್ತಿಕೊಂಡು ಹೋಗಿ ಭಾಗವ್ವನ ಮುಂದೆ ಸಾಲಾಗಿ ನಿಲ್ಲಿಸಿದ.

"ಕಾಕೀನೇ ತುಂಬಲಿ" ಎಂದ.

ಭಾಗವ್ವ ಕಣ್ಣು ಒರೆಸಿಕೊಂಡು ಬಲಗೈಯನ್ನು ಮೊಣಕಾಲಿನ ಅಡಿ ಒತ್ತಿಟ್ಟುಕೊಂಡಳು. ಎಡಗೈಯಿಂದಲೇ ಅಳತೆ ಹಿಡಿದು, ಲಾಭ ಎಂದು ಮೊದಲನೆಯದನ್ನು ಸುರಿದಳು. ಪ್ರತಿ ಸಲವೂ ಮೊಣಕಾಲು ಒಮ್ಮೆ ಅಲುಗುತ್ತಿತ್ತು. ಅವಳು ಅದನ್ನು ಇನ್ನಷ್ಟು ಒತ್ತಿ ಹಿಡಿಯುತ್ತಿದ್ದಳು. ಆರು ಅಳತೆ ಆಯಿತು. ರೇವಪ್ಪ ಗುಂಡು ಒತ್ತಿ ಒಂದೊಂದನ್ನೂ ಕಿವಿಯ ಹತ್ತಿರ ಅಲುಗಿಸಿದ. ಮೂರೂ ಸುಮ್ಮನಿದ್ದವು. ಸೀಸದವನ್ನು ಹಾರಿಸುವುದಾದರೆ ಗೇಣು ಮೇಲೆ ಗುರಿಯಿಡು, ತಾಮ್ರದವಕ್ಕೆ ನೆಟ್ಟಗೆ ಇಡು ಎಂದು ಹೇಳಿ ಕೊಟ್ಟ. ಶಿದ್ರಾಯ ರುಮಾಲು ಸುತ್ತಿಕೊಂಡು, ಬಂದೂಕು ಹೆಗಲಿಗೇರಿಸಿ ಹಳ್ಳದ ಕಡೆ ನಡೆದ.

ಬಂಡಿ ಕಟ್ಟುವಾಗ ರೇವಪ್ಪ ಬಟ್ಟಲಿನೊಳಗೆ ಬೆರಳಾಡಿಸಿದ. ತಳದಲ್ಲಿ ಸ್ವಲ್ಪ ಮದ್ದು ಇತ್ತು. ಒಂಬತ್ತು ಸೀಸದ ತೋಟಾಗಳಿಂದ ತೆಗೆದ ಒಂಬತ್ತು ಚಿಟಕಿ, ಲೆಕ್ಕಕ್ಕೆ ಸರಿಯಾಗಿ.

"ಪೂರಾ ಖಾಲಿ ಆತೇನ್ರಿ?" ಎಂದು ಭಾಗವ್ವ ಪಕ್ಕದಿಂದ ಕೇಳಿದಳು.

"ಇಲ್ಲ" ಎಂದ ರೇವಪ್ಪ. "ಒಂದೀಟು ಐತಿ."

ಅವಳು ಅವನ ಕೈಯಿಂದ ಬಟ್ಟಲು ತೆಗೆದುಕೊಂಡು, ಬಟ್ಟೆ ಕಟ್ಟಿ, ಉಡಿಯಲ್ಲಿದ್ದ ಮಡಕಿಯ ನಡುವೆ ಅಲುಗದಂತೆ ಇಟ್ಟುಕೊಂಡು ಬಂಡಿ ಹತ್ತಿದಳು.